ಗೆದ್ದ ಮಕ್ಕಳಿಗೆ ಊರು ಕೊಟ್ಟದ್ದು

ಮೂಡುಬಿದಿರೆಯ ಶ್ರೀ ಮಹಾವೀರ ಕಾಲೇಜು ಆರಂಭವಾದದ್ದು 1965ರಲ್ಲಿ, ಉಜಿರೆಯ ಎಸ್‌ಡಿಎಂ ಕಾಲೇಜು 1966ರಲ್ಲಿ, ಬಂಟ್ವಾಳದ ಎಸ್‌ವಿಎಸ್ ಕಾಲೇಜು 1968ರಲ್ಲಿ. ನಾಲ್ಕೇ ವರ್ಷಗಳೊಳಗೆ ಅಕ್ಕಪಕ್ಕದ ಮೂರು ಊರುಗಳಿಗೆ ಕಾಲೇಜು ಬಂತು. ಅದಕ್ಕೂ ಹಿಂದೆ ಇಲ್ಲಿನ ಹೈಸ್ಕೂಲಿನಲ್ಲಿ ಎಷ್ಟೇ ಚೆನ್ನಾಗಿ ಪಾಸಾದ ಮಗುವೂ ಮುಂದೆ ಓದಬೇಕಾದರೆ ಮಂಗಳೂರಿನಂಥ ಬೇರೆ ಊರಿಗೆ ಹೋಗಬೇಕಿತ್ತು. ಮಂಗಳೂರಿಗೆ ಹೋದವರಿಗೆ 1880ರ ಸಂತ ಅಲೋಶಿಯಸ್ ಕಾಲೇಜೋ ಸರಕಾರಿ ಕಾಲೇಜೋ ಗತಿ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಕವಿ ಪಂಜೆ ಮಂಗೇಶರಾಯರು ಹಿಡಿದದ್ದೂ ಅದೇ ದಾರಿ. ಆಗ ಜಾಣ ಹುಡುಗನೊಬ್ಬನಿಗೆ ಬೇಕಾಗಿದ್ದದ್ದು ಉಳಿದುಕೊಳ್ಳಲು ಒಂದು ಮನೆ, ಎರಡು ಹೊತ್ತಿನ ಊಟ, ಫೀಸಿನ ಹಣ. ಹಾರ ತುರಾಯಿಯಿಂದ ಇದಾವುದೂ ಸಿಗುತ್ತಿರಲಿಲ್ಲ. ಓದಿನಲ್ಲಿ ಗೆದ್ದವರನ್ನು ಗೌರವಿಸುವ ನಮ್ಮ ಪದ್ಧತಿ ಈ ಅಗತ್ಯದ ಸುತ್ತ ಬೆಳೆದದ್ದು. ಮುಂದಿನ ಮೆಟ್ಟಿಲನ್ನು ಹತ್ತಿಸುವುದೇ ಇಲ್ಲಿ ಸನ್ಮಾನವಾಗಿತ್ತು. ಇಂದಿನ ಸಂಭ್ರಮವನ್ನೂ ಅದೇ ಅಳತೆಗೋಲಿನಿಂದ ನೋಡಬೇಕು ಎಂಬುದು ನನ್ನ ವಾದ.

ಈ ಅಳತೆಗೋಲು ಹೊರಗಿನಿಂದ ತಂದದ್ದಲ್ಲ. ಅನ್ನ, ಔಷಧ, ವಿದ್ಯೆ, ಅಭಯ ಎಂಬ ಚತುರ್ದಾನ ಧರ್ಮಸ್ಥಳದ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಅದರ ಬೇರು ಜೈನ ಸಂಪ್ರದಾಯದಲ್ಲಿದೆ. ಅಲ್ಲಿ ವಿದ್ಯಾದಾನಕ್ಕೆ ಶಾಸ್ತ್ರದಾನವೆಂದು ಹೆಸರು. ಗ್ರಂಥವನ್ನು ಪ್ರತಿ ಮಾಡಿಸಿ ಓದುವವನ ಕೈಗೆ ಕೊಡುವುದು ಪುಣ್ಯದ ಕೆಲಸ. ಧವಲಾ, ಜಯಧವಲಾದಂಥ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದದ್ದು ಇಂಥ ಶ್ರದ್ಧೆಯಿಂದ. ಓದುವವನಿಗೆ ಸಲ್ಲಿಸುವ ಗೌರವವೆಂದರೆ ಓದಿನ ಸಾಧನವನ್ನು ಒದಗಿಸುವುದು ಎಂಬ ತಿಳಿವಳಿಕೆ ಅಲ್ಲಿಯೇ ಇದೆ. ಧರ್ಮಸ್ಥಳದ ಧರ್ಮಾಧಿಕಾರಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ತೆರೆದಾಗ ಆ ತಿಳಿವಳಿಕೆಗೆ ಹೊಸಕಾಲದ ರೂಪ ಬಂತು. ಮಕ್ಕಳು ತೋಟದಲ್ಲಿ ದುಡಿಯುತ್ತ, ಹಟ್ಟಿಯ ಕೆಲಸ ಮಾಡುತ್ತ, ಅಲ್ಲೇ ಉಂಡು ಮಲಗಿ ಶಾಲೆಗೆ ಹೋಗುವ ಏರ್ಪಾಡು ಅದು. ಊಟದ ಚಿಂತೆ ಕಳೆದ ಮೇಲೆ ಮಗು ಏನು ಸಾಧಿಸಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಸರಕಾರದ ಸ್ಪರ್ಧೆಗಳೂ ಮೊದಲಿಗೆ ಇದೇ ತರ್ಕವನ್ನು ಹಿಡಿದಿದ್ದವು. 1963ರಲ್ಲಿ ವಿಜ್ಞಾನ ಪ್ರತಿಭಾ ಶೋಧ ದಿಲ್ಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳೊಂದಿಗೆ ಶುರುವಾಯಿತು. ಮರುವರ್ಷ ದೇಶಕ್ಕೆಲ್ಲ ಹಬ್ಬಿ, ಮುಂದೆ ಎನ್‌ಟಿಎಸ್‌ಇ (ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ) ಆಯಿತು. ಅಲ್ಲಿ ಬಹುಮಾನವೆಂದರೆ ಮುಂದಿನ ಓದಿನ ಖರ್ಚು. 2021ರಲ್ಲಿ ಅದು ನಿಂತುಹೋದದ್ದು ದೊಡ್ಡ ನಷ್ಟ. ಈಗ ಉಳಿದಿರುವುದು 2008ರಲ್ಲಿ ಬಂದ ಎನ್‌ಎಂಎಂಎಸ್ ಎಂಬ ಕೇಂದ್ರ ಸರಕಾರದ ವಿದ್ಯಾರ್ಥಿವೇತನ. ಸರಕಾರಿ, ಅನುದಾನಿತ ಶಾಲೆಗಳ ಬಡ ಮಕ್ಕಳು ಎಂಟನೆಯ ತರಗತಿಯಲ್ಲಿ ಈ ಪರೀಕ್ಷೆ ಬರೆಯುತ್ತಾರೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಬೀಡಿ ಕಟ್ಟಿ ದಿನ ದೂಡುವ ಬಂಟ್ವಾಳದ ಮನೆಗೆ, ಬೆಳ್ತಂಗಡಿಯ ಘಟ್ಟದ ಬುಡದ ಕೂಲಿಯ ಮನೆಗೆ ಈ ಹಣ ಮಗಳನ್ನು ಪಿಯುಸಿಗೆ ಕಳಿಸಬೇಕೋ ಬೇಡವೋ ಎಂಬುದನ್ನೇ ತೀರ್ಮಾನಿಸಬಲ್ಲದು. ನನ್ನ ಮಟ್ಟಿಗೆ ಒಂದು ತಾಲೂಕಿನ ಅತಿ ದೊಡ್ಡ ಸುದ್ದಿ ಈ ಆಯ್ಕೆ.

ಆದರೆ ದೊಡ್ಡ ಸುದ್ದಿಯಾಗುವುದು 625ಕ್ಕೆ 625. ಎಸ್ಸೆಸ್ಸೆಲ್ಸಿಯಲ್ಲಿ ಪೂರ್ಣ ಅಂಕ ಪಡೆದವರು 2021ರಲ್ಲಿ 157, 2022ರಲ್ಲಿ 145, 2023ರಲ್ಲಿ ನಾಲ್ವರು, 2024ರಲ್ಲಿ ಒಬ್ಬರೇ, 2025ರಲ್ಲಿ 22. ರಾಜ್ಯದ ಮಕ್ಕಳ ಬುದ್ಧಿ ಒಂದೆರಡು ವರ್ಷದಲ್ಲಿ ಹೀಗೆ ಏರಿಳಿಯುವುದು ಸಾಧ್ಯವಿಲ್ಲ. ಬದಲಾದದ್ದು ಪರೀಕ್ಷೆ: 2021ರಲ್ಲಿ ಕೊರೊನಾದ ಕಾರಣ ಎರಡೇ ದಿನದ ಬಹುಆಯ್ಕೆಯ ಪ್ರಶ್ನೆಪತ್ರಿಕೆ, 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾದ ಕಣ್ಗಾವಲು. ಕಷ್ಟಪಟ್ಟು ಓದಿದ ಮಗುವಿನ ಅಂಕದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಪರೀಕ್ಷೆಯ ಸ್ವರೂಪದೊಂದಿಗೆ ಇಷ್ಟು ಅಲುಗಾಡುವ ಸಂಖ್ಯೆಯ ಮೇಲೆ ಒಂದು ಊರಿನ ಹೆಮ್ಮೆಯನ್ನೆಲ್ಲ ನಿಲ್ಲಿಸುವುದು ಸರಿಯಲ್ಲ. ಕ್ಲಸ್ಟರಿನಿಂದ ತಾಲೂಕು, ಜಿಲ್ಲೆ, ರಾಜ್ಯದವರೆಗೆ ಸಾಗುವ ಶಾಲಾ ಸ್ಪರ್ಧೆ ಪ್ರತಿಭಾ ಕಾರಂಜಿ ಈ ದೃಷ್ಟಿಯಿಂದ ಹೆಚ್ಚು ನಂಬಿಕೆಗೆ ಅರ್ಹ. ಅಲ್ಲಿ ಚರ್ಚೆ ಮಾಡಿದ, ಕಂಠಪಾಠ ಒಪ್ಪಿಸಿದ ಮಗುವನ್ನು ಜನ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಮೆಚ್ಚುತ್ತಾರೆ. ತಾಳಮದ್ದಲೆಯಲ್ಲಿ ರಾತ್ರಿಯಿಡೀ ವಾದ ಕೇಳಿ ತೂಗುವ ಈ ಸೀಮೆಗೆ ಅಂಥ ಮೆಚ್ಚುಗೆ ಹೊಸತೇನಲ್ಲ.

ಅಂಕದ ಸಂಭ್ರಮವೇ ಉಳಿದ ಮಕ್ಕಳಿಗೆ ಹುರುಪು ಕೊಡುತ್ತದೆ, ದಕ್ಷಿಣ ಕನ್ನಡ 2024ರಲ್ಲಿ ಎರಡನೆಯದಾಗಿ 2025ರಲ್ಲಿ ಮೊದಲನೆಯದಾದದ್ದು ಅದರಿಂದಲೇ ಎನ್ನುವವರಿದ್ದಾರೆ. ಹುರುಪು ಸುಳ್ಳಲ್ಲ. ಆದರೆ ಜಿಲ್ಲೆಯ ಸ್ಥಾನ ತೀರ್ಮಾನವಾಗುವುದು ಪಾಸಾದವರ ಪ್ರಮಾಣದಿಂದ. ಅಂದರೆ ಪಾಸು ನಪಾಸಿನ ಅಂಚಿನಲ್ಲಿದ್ದ ಮಗುವನ್ನು ಸಂಜೆ ಕೂರಿಸಿಕೊಂಡು ದಡ ಸೇರಿಸಿದ ಮೇಷ್ಟ್ರು, ಟೀಚರುಗಳ ಗೆಲುವು ಅದು. ಅವರಿಗೆ ಹಾರ ಹಾಕಿದವರು ಕಡಿಮೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ದೊಡ್ಡ ವಸತಿ ಶಾಲೆಗಳೂ ಮುಂದಿನ ಮೆಟ್ಟಿಲು ಹತ್ತಿಸುತ್ತಿಲ್ಲವೇ? ಹೌದು. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಉಚಿತವಾಗಿ ಕಲಿಸುತ್ತದೆ. ಸಿದ್ಧವನದ ಮಾರ್ಗ ಅಲ್ಲಿ ಮುಂದುವರಿದಿದೆ, ಅದನ್ನು ಮನಸಾರೆ ಒಪ್ಪಬೇಕು. ಆದರೆ ಆಯ್ದು ತಂದ ಮಕ್ಕಳಿಂದ ಬರುವ ಫಲಿತಾಂಶವನ್ನೂ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಊರ ಶಾಲೆಯ ಫಲಿತಾಂಶವನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ. ಮೊದಲ ವರ್ಷಗಳಲ್ಲಿ ಅಕ್ಷರ, ಮಗ್ಗಿ ಕಲಿಸಿ ಕಳಿಸಿಕೊಟ್ಟ ಹಳ್ಳಿಯ ಶಾಲೆಗೂ ಆ ಗೆಲುವಿನಲ್ಲಿ ಪಾಲಿದೆ. ಮಗು ಗೆದ್ದ ದಿನ ವೇದಿಕೆಯ ಮೇಲೆ ಆ ಪ್ರಾಥಮಿಕ ಶಾಲೆಯ ಹೆಸರನ್ನೂ ಹೇಳಿ, ಅಲ್ಲಿನ ಮುಖ್ಯೋಪಾಧ್ಯಾಯರನ್ನು ಕರೆದು ಕೂರಿಸಿ, ಆ ಶಾಲೆಯಲ್ಲಿ ಮುಂದಿನ ವರ್ಷ ಎನ್‌ಎಂಎಂಎಸ್ ಬರೆಯುವ ಮಕ್ಕಳಿಗೆ ಪುಸ್ತಕ, ತರಬೇತಿ ಒದಗಿಸುವ ಹೊಣೆಯನ್ನು ಸನ್ಮಾನ ಸಮಿತಿಯೇ ಹೊರಲಿ.