ಸುರಂಗಕ್ಕೆ ಮರಳಿದ ಹಬೆಯೆಂಜಿನ್
1863ರ ಜನವರಿ 10ರಂದು ಲಂಡನ್ನಿನಲ್ಲಿ ಸಾರ್ವಜನಿಕರಿಗೆ ತೆರೆದ ಮೆಟ್ರೊಪಾಲಿಟನ್ ರೈಲ್ವೆಯು ಜಗತ್ತಿನ ಮೊದಲ ನೆಲದಡಿಯ ಪ್ರಯಾಣಿಕ ರೈಲುಮಾರ್ಗವಾಗಿದ್ದು, ಅದರ ಬಂಡಿಗಳನ್ನು ಎಳೆಯುತ್ತಿದ್ದುದು ಹಬೆಯೆಂಜಿನ್ನುಗಳೇ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಹಬೆಯನ್ನು ಚಿಮಣಿಗೆ ಬಿಡದೆ ಕೊಳವೆಯ ಮೂಲಕ ಎಂಜಿನ್ನಿನ ನೀರಿನ ತೊಟ್ಟಿಗೆ ಹಾಯಿಸಿ ತಣಿಸುವ ಸಾಂದ್ರೀಕರಣ ವ್ಯವಸ್ಥೆಯನ್ನು ಅವುಗಳಿಗೆ ಅಳವಡಿಸಲಾಗಿತ್ತಾದರೂ, ಗಂಧಕದ ಘಾಟಿನಿಂದ ಕೂಡಿದ ಹೊಗೆಗೆ ಅದರಲ್ಲಿ ಪರಿಹಾರವಿರಲಿಲ್ಲ. ಆ ಗಾಳಿ ಉಬ್ಬಸಕ್ಕೆ ಒಳ್ಳೆಯದೆಂದು ವಾದಿಸಿದವರೂ ಇದ್ದರೆಂಬುದು ವಿಚಿತ್ರವೇ ಸರಿ. 1905ರಲ್ಲಿ ಒಳನಗರದ ಮಾರ್ಗಗಳು ವಿದ್ಯುದೀಕರಣಗೊಂಡ ಮೇಲೆ ಹಬೆಯು ಹೊರವಲಯಕ್ಕೆ ಸರಿದು, ಪ್ರಯಾಣಿಕ ಸೇವೆಯಲ್ಲಿ 1961ರವರೆಗೆ ಉಳಿಯಿತು. ಮಾರ್ಗದ 150ನೆಯ ವರ್ಷಾಚರಣೆಯ ಅಂಗವಾಗಿ 2013ರ ಜನವರಿಯಲ್ಲಿ, 1898ರಲ್ಲಿ ನೀಸ್ಡನ್ ಕಾರ್ಯಾಗಾರದಲ್ಲಿ ತಯಾರಾದ ‘ಮೆಟ್ರೊಪಾಲಿಟನ್ 1’ ಎಂಜಿನ್ ಪ್ರಯಾಣಿಕರನ್ನು ಹೊತ್ತು ಮೂರ್‌ಗೇಟ್‌ವರೆಗೆ ಸಾಗಿ, ನಿತ್ಯದ ರೈಲಿಗೆ ಕಾದಿದ್ದವರನ್ನು ಬೆರಗುಗೊಳಿಸಿತು. ಆ ರೈಲಿನ ಹಿಂಬದಿಗೆ ‘ಸಾರಾ ಸಿಡನ್ಸ್’ ಎಂಬ ಹಳೆಯ ವಿದ್ಯುತ್ ಎಂಜಿನ್ನನ್ನೂ ಜೋಡಿಸಲಾಗಿತ್ತು.