ಬೈಲಕುಪ್ಪೆಯ ಮುಂಗುಸಿ, ಚೀನಾದ ಮೂರು ಕಾಲಿನ ಕಪ್ಪೆ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಭೇಟಿ ನೀಡುವ ಪ್ರವಾಸಿಗರಲ್ಲಿ ಹಲವರು ಅಲ್ಲಿನ ಪ್ರಾಣಿ ಸಂಕೇತಗಳನ್ನೆಲ್ಲ ಫೆಂಗ್ ಶುಯಿ ಎಂದೇ ಭಾವಿಸುವುದುಂಟು. ವಾಸ್ತವವಾಗಿ ಅವುಗಳಲ್ಲಿ ಮುಖ್ಯವಾದ ಕೆಲವು ಚೀನಾದವಲ್ಲ, ಭಾರತದಿಂದಲೇ ಟಿಬೆಟ್‌ಗೆ ಹೋಗಿ ಮರಳಿ ಬಂದವು.

ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾದದ್ದು 1960ರ ದಶಕದ ಮೊದಲಲ್ಲಿ. ಪೆನೋರ್ ರಿಂಪೋಚೆ ಅವರು 1963ರಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಸ್ಥಾಪಿಸಿದರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಟಿಬೆಟನ್ನರ ವಸತಿಯಿದೆ.

ಮಠಗಳ ಪ್ರವೇಶದ್ವಾರದ ಬಳಿ ನಾಲ್ಕು ದಿಕ್ಕುಗಳ ರಾಜರನ್ನು ಚಿತ್ರಿಸುವುದು ಟಿಬೆಟನ್ ಪದ್ಧತಿ. ಅವರಲ್ಲಿ ಉತ್ತರ ದಿಕ್ಕಿನ ವೈಶ್ರವಣನ ಕೈಯಲ್ಲಿ ಒಂದು ಮುಂಗುಸಿ ಇರುತ್ತದೆ. ಅದರ ಬಾಯಿಂದ ರತ್ನಗಳು ಉದುರುತ್ತಿರುತ್ತವೆ. ವೈಶ್ರವಣನೆಂದರೆ ನಮ್ಮ ಪುರಾಣಗಳ ಕುಬೇರನೇ. ವಿಶ್ರವಸ್ಸಿನ ಮಗನಾದ್ದರಿಂದ ಆ ಹೆಸರು. ನಿಧಿಯನ್ನು ಸರ್ಪ ಕಾಯುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಾಗೆ ನಾಗಗಳು ಕಾಯುವ ಸಂಪತ್ತನ್ನು ಗೆದ್ದು ತರಬಲ್ಲದ್ದು ಅವುಗಳ ವೈರಿಯಾದ ಮುಂಗುಸಿ ಎಂಬುದು ಈ ಸಂಕೇತದ ತರ್ಕ. ಹಿಂದೆ ಮುಂಗುಸಿಯ ಚರ್ಮದಿಂದ ಹಣದ ಚೀಲ ಮಾಡುತ್ತಿದ್ದ ರೂಢಿಯಿಂದ ಈ ರೂಪ ಬೆಳೆಯಿತೆಂಬ ಇನ್ನೊಂದು ವಿವರಣೆಯೂ ಇದೆ. ಗಮನಿಸಬೇಕಾದ ಅಂಶವೆಂದರೆ ಮುಂಗುಸಿ ರತ್ನಗಳನ್ನು ನುಂಗುವುದಿಲ್ಲ, ಉಗುಳುತ್ತದೆ. ಬೌದ್ಧರಿಗೆ ಅದು ದಾನದ ಗುರುತು.

ಅಷ್ಟಮಂಗಳದ ಜೋಡಿ ಮೀನುಗಳೂ ಭಾರತದವೇ. ಅವನ್ನು ಗಂಗೆ, ಯಮುನೆಯರ ಸಂಕೇತವೆಂದು ಹೇಳುವುದುಂಟು. ಮಠದ ಮಾಡಿನ ಮೇಲೆ ಧರ್ಮಚಕ್ರದ ಎರಡೂ ಬದಿಗೆ ಕುಳಿತ ಜಿಂಕೆಗಳು ಸಾರನಾಥದ ಮೃಗವನವನ್ನು ನೆನಪಿಸುತ್ತವೆ.

ಚೀನೀ ಜಾನಪದದ ಪ್ರಾಣಿಗಳ ಕಥೆ ಬೇರೆ. ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ಲಿಯು ಹಾಯ್ ಎಂಬ ಸಿದ್ಧಪುರುಷನ ಸಂಗಾತಿ. ಚೀನೀ ಭಾಷೆಯಲ್ಲಿ ಮೀನು ಮತ್ತು ಸಮೃದ್ಧಿ, ಬಾವಲಿ ಮತ್ತು ಭಾಗ್ಯ ಎಂಬ ಪದಗಳ ಉಚ್ಚಾರಣೆ ಒಂದೇ ಆಗಿರುವುದರಿಂದ ಆ ಪ್ರಾಣಿಗಳಿಗೆ ಶುಭದ ಪಟ್ಟ ದೊರೆಯಿತು. (ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಪಶಕುನ!) ಪೀಶ್ಯೂ ಎಂಬ ಕಾಲ್ಪನಿಕ ಮೃಗವಂತೂ ಚಿನ್ನವನ್ನು ನುಂಗುತ್ತದೆಯೇ ಹೊರತು ಹೊರಬಿಡುವುದೇ ಇಲ್ಲ. ವ್ಯಾಪಾರಿಗಳಿಗೆ ಅದು ಪ್ರಿಯವಾದದ್ದು ಸಹಜವೇ. ಟಿಬೆಟನ್ನರ ಮುಂಗುಸಿಗೆ ಇದು ತದ್ವಿರುದ್ಧ.

ಲೋಹದ ಗೊಂಬೆಯಿಂದ ಯಾರಿಗೂ ಹಾನಿಯಿಲ್ಲ. ಆದರೆ ಇದೇ ಧನದಾಸೆ ಜೀವಂತ ಪ್ರಾಣಿಗಳ ಬೆನ್ನು ಹತ್ತಿದಾಗ ಅನಾಹುತವಾಗುತ್ತದೆ. ಅದೃಷ್ಟದ ಹೆಸರಿನಲ್ಲಿ ನಕ್ಷತ್ರ ಆಮೆಗಳನ್ನೂ, 'ಎರಡು ತಲೆ ಹಾವು' ಎನ್ನಲಾಗುವ ಮಣ್ಣುಮುಕ್ಕ ಹಾವುಗಳನ್ನೂ ಕರ್ನಾಟಕದಲ್ಲಿ ಹಿಡಿದು ಮಾರುವ ದಂಧೆ ಇದೆ. ಆ ಹಾವಿಗಿರುವುದು ಒಂದೇ ತಲೆ. ಬಾಲ ಮೊಂಡಾಗಿರುವುದರಿಂದ ತಲೆಯಂತೆ ಕಾಣುತ್ತದೆ, ಅಷ್ಟೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವಾಣಿಜ್ಯ ವಹಿವಾಟನ್ನು 2019ರಲ್ಲಿ ಸೈಟ್ಸ್ ಒಪ್ಪಂದದಡಿ ನಿಷೇಧಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವೆರಡನ್ನೂ ಹಿಡಿಯುವುದು, ಮಾರುವುದು ಅಪರಾಧ. ಕೊಂಡವರೂ ಶಿಕ್ಷೆಗೆ ಗುರಿಯಾಗುತ್ತಾರೆ.