ಲಾ ಓದಿಗೆ ಎಷ್ಟು ವರ್ಷ?

ಪಿಯುಸಿ ಮುಗಿಸಿ ಐದು ವರ್ಷ ಕಾನೂನು ಓದಿದವರು ಮೇಲೋ, ಪದವಿಯ ನಂತರ ಮೂರು ವರ್ಷ ಓದಿದವರು ಮೇಲೋ ಎಂಬ ಚರ್ಚೆ ನಮ್ಮಲ್ಲಿ ಇನ್ನೂ ನಿಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಾಗಿನಿಂದ ಐದು ವರ್ಷದ ಓದಿಗೆ ಒಂದು ಮೆರುಗು ಬಂದಿದೆ. ಆದರೆ ಆ ಶಾಲೆ ತಂದ ದೊಡ್ಡ ಬದಲಾವಣೆ ವರ್ಷಗಳ ಲೆಕ್ಕದಲ್ಲಿರಲಿಲ್ಲ. ವಿದ್ಯಾರ್ಥಿ ಏನೇನು ಮಾಡಿದರೆ ಕಾನೂನು ಕಲಿತಂತೆ ಎಂಬುದನ್ನು ಅದು ಹೊಸದಾಗಿ ತೀರ್ಮಾನಿಸಿತು.

ಅದಕ್ಕಿಂತ ಹಿಂದಿನ ಸ್ಥಿತಿಯನ್ನು ನೋಡಬೇಕು. ಮುಂಬೈಯ ಸರ್ಕಾರಿ ಕಾನೂನು ಕಾಲೇಜು ಶುರುವಾದದ್ದು 1855ರಲ್ಲಿ. ಕನ್ನಡ ನಾಡಿನವರು ಬಹುಕಾಲ ಲಾ ಓದಲು ಮುಂಬೈ, ಪುಣೆ, ಮದರಾಸುಗಳಿಗೇ ಹೋಗಬೇಕಿತ್ತು; ಆಲೂರು ವೆಂಕಟರಾಯರು ಕಾನೂನು ಓದಿದ್ದು ಮುಂಬೈಯಲ್ಲಿ. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ ತೆರೆಯಿತು, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿ. ಎಷ್ಟೋ ಲಾ ಕಾಲೇಜುಗಳು ಬೆಳಗ್ಗೆ ಇಲ್ಲವೇ ಸಂಜೆ ಪಾಠ ನಡೆಸುತ್ತಿದ್ದವು. ಈ ಕಾಲೇಜುಗಳನ್ನು ಹಗುರವಾಗಿ ಕಾಣುವುದು ರೂಢಿಯಾಗಿದೆ, ಅದು ಅನ್ಯಾಯ. ಹಗಲು ಗುಮಾಸ್ತಿಕೆಯನ್ನೋ ಮೇಷ್ಟರ ಕೆಲಸವನ್ನೋ ಮಾಡಿ ಮನೆ ನಡೆಸುತ್ತಿದ್ದವರಿಗೆ ವಕೀಲಿಯ ಬಾಗಿಲು ತೆರೆದದ್ದು ಅವೇ. ಅವುಗಳ ನಿಜವಾದ ಕೊರತೆ ಬೇರೆ. ಹಾಜರಾತಿ ತುಂಬಿಸಿ ವಾರ್ಷಿಕ ಪರೀಕ್ಷೆ ಬರೆದರೆ ಓದು ಮುಗಿಯುತ್ತಿತ್ತು. ದಾವೆ ಬರೆಯುವುದು, ಸಾಕ್ಷಿಯ ಪಾಟೀಸವಾಲು, ಕಕ್ಷಿದಾರನ ಮಾತಿನಿಂದ ಕೇಸಿನ ತಿರುಳು ಹಿಡಿಯುವುದು, ಇವೆಲ್ಲ ಹಿರಿಯ ವಕೀಲರ ಕಚೇರಿಯ ಪಾಲಿಗೆ ಬಿಟ್ಟ ವಿದ್ಯೆಗಳು. ವಕೀಲರ ಮನೆತನದ ಹುಡುಗನಿಗೆ ಆ ಕಚೇರಿ ಮನೆಯಲ್ಲೇ ಇತ್ತು. ಮನೆಯಲ್ಲಿ ಮೊದಲ ಬಾರಿಗೆ ಲಾ ಓದಿದವನು ಹಿರಿಯರೊಬ್ಬರ ಕೃಪೆಗೆ ಕಾಯಬೇಕಿತ್ತು.

ಬೆಂಗಳೂರಿನ ಶಾಲೆ ಕೈಹಾಕಿದ್ದು ಇಲ್ಲಿಗೇ. ಕರ್ನಾಟಕದ ಶಾಸನಸಭೆ 1986ರಲ್ಲಿ ಮಾಡಿದ ಕಾಯ್ದೆಯಿಂದ ಹುಟ್ಟಿದ ಇದರ ಹಿಂದೆ ಭಾರತೀಯ ವಕೀಲರ ಪರಿಷತ್ತಿನ ಒತ್ತಾಸೆ ಇತ್ತು. ಸ್ಥಾಪಕ ನಿರ್ದೇಶಕ ಎನ್. ಆರ್. ಮಾಧವ ಮೆನನ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, ಕಾನೂನು ನೆರವಿನ ಕೆಲಸ ಮಾಡಿ ಬಂದವರು. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳು ಕಾನೂನಿನ ಜೊತೆಗೇ ಓದಿನ ಭಾಗವಾದವು. ವರ್ಷವನ್ನು ಮೂರು ಅವಧಿಗಳಾಗಿ ಹಂಚಿ, ವಿದ್ಯಾರ್ಥಿಗಳು ವಿಷಯಗಳ ಮೇಲೆ ಸಂಶೋಧನಾ ಪ್ರಬಂಧ ಬರೆದು ಅಧ್ಯಾಪಕರ ಎದುರು ಸಮರ್ಥಿಸಬೇಕೆಂದು ವಿಧಿಸಿದರು. ಅಣಕು ನ್ಯಾಯಾಲಯ, ಕಾನೂನು ನೆರವು ಕೇಂದ್ರಗಳಿಗೂ ಓದಿನಲ್ಲಿ ಗಟ್ಟಿ ಸ್ಥಾನ ಸಿಕ್ಕಿತು. ಕಸುಬನ್ನು ಕಲಿಸುವ ಹೊಣೆಯನ್ನು ಕಾಲೇಜೇ ಹೊತ್ತುಕೊಂಡಂತಾಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಇಷ್ಟೆಲ್ಲ ಕಲಿತವರು ಜಿಲ್ಲಾ ಕೋರ್ಟಿಗೆ ಬರಲಿಲ್ಲ, ಕಂಪನಿಗಳಿಗೂ ದೊಡ್ಡ ಕಾನೂನು ಸಂಸ್ಥೆಗಳಿಗೂ ಹೋದರು. ಮಾತು ಬಹುಮಟ್ಟಿಗೆ ನಿಜ. ಆದರೆ ಮೊದಲ ತಂಡ ಹೊರಬಂದದ್ದು 1993ರಲ್ಲಿ, ಆರ್ಥಿಕ ಉದಾರೀಕರಣದ ಎರಡೇ ವರ್ಷದ ನಂತರ. ಎಳೆಯ ವಕೀಲನಿಗೆ ಹೊಟ್ಟೆಪಾಡಿಗಾಗುವಷ್ಟೂ ಕೊಡದ ತಾಲ್ಲೂಕು ಕೋರ್ಟಿನ ಎದುರು ಹೊಸ ಮಾರುಕಟ್ಟೆ ಸಂಬಳ ಹಿಡಿದು ನಿಂತಿತ್ತು. ತಪ್ಪನ್ನು ಪಾಠಕ್ರಮದ ತಲೆಗೆ ಕಟ್ಟಲಾಗದು. ಕೆಲವೇ ವಿದ್ಯಾರ್ಥಿಗಳಿರುವ ವಸತಿ ಶಾಲೆಯ ಪದ್ಧತಿ ಎಲ್ಲ ಕಾಲೇಜುಗಳಿಗೆ ಹೊಂದದು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವಕೀಲರ ಪರಿಷತ್ತು 1997ರಲ್ಲಿ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿತು. ತಿದ್ದುವ ಅಧ್ಯಾಪಕರೇ ಸಾಲದ ಕಡೆ ಅದು ನಕಲು ಮಾಡಿದ ರೆಕಾರ್ಡ್ ಪುಸ್ತಕವಾಗಿ ಉಳಿಯುತ್ತದೆ. ಹಾಗಾದರೆ ಕೊರತೆ ಅಧ್ಯಾಪಕರದ್ದು, ವರ್ಷಗಳದ್ದಲ್ಲ. 2008ರ ಕಾನೂನು ಶಿಕ್ಷಣ ನಿಯಮಗಳು ಎರಡೂ ಕೋರ್ಸುಗಳನ್ನು ಉಳಿಸಿಕೊಂಡವು. ಐದು ವರ್ಷಕ್ಕೆ ಹೆಸರಾದ ಬೆಂಗಳೂರಿನ ಶಾಲೆಯೇ 2022ರಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಆರಂಭಿಸಿತು.

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯುವ ಅವಕಾಶವಿದೆ. ನಮ್ಮ ಕೆಳ ನ್ಯಾಯಾಲಯಗಳಿಗೆ ವಕೀಲರು ಬರುವುದು ಹೆಚ್ಚಾಗಿ ಇಂಥ ಕಾಲೇಜುಗಳಿಂದ. ಅಲ್ಲಿ ಖಾಲಿ ಬಿದ್ದ ಅಧ್ಯಾಪಕರ ಹುದ್ದೆಗಳನ್ನು ಸರ್ಕಾರ ಮೊದಲು ತುಂಬಲಿ. ಮೂರೋ ಐದೋ ಎಂಬ ಜಗಳವನ್ನು ಆಮೇಲೆ ಆಡಬಹುದು.